ನನ್ನ ಸ್ವಭಾವಕ್ಕೆ ಒಪ್ಪುವ, ನಗು ತರಿಸುವ ಅಪರೂಪದ ಕನ್ನಡ ಪದ ಹುಡುಕುವುದು ಹೇಗೆ?

ಮೊದಲು ಪದದ ಬಾಲ ನೋಡಿ. ಇಂಥ ಪದಗಳು ಹೆಚ್ಚಾಗಿ ಎರಡು ತುಂಡು ಸೇರಿ ಆಗುತ್ತವೆ. ತಿಂಡಿ ಕಂಡರೆ ತಡೆಯದವ ತಿಂಡಿಪೋತ, ಕೆಲಸಕ್ಕೆ ಮೈ ಬಗ್ಗಿಸದವ ಮೈಗಳ್ಳ, ಸುಮ್ನೆ ಕಾಲು ಕೆರೆದು ಬರುವವ ಜಗಳಗಂಟ, ಮಾತು ಮುಗಿಯುವ ಮುಂಚೆ ಕಣ್ಣೀರು ಹಾಕುವವ ಅಳುಬುರುಕ. ನಿಮ್ಮ ಗುಣವನ್ನು ಮುಂದಿಡಿ, ಒಪ್ಪುವ ಬಾಲ ಅಂಟಿಸಿ. ನಮ್ಮ ಶಿರಸಿ ಕಡೆ ಸದಾ ಕವಳ (ಎಲೆಯಡಿಕೆ) ಹಾಕುವವರನ್ನು ‘ಕವಳಪೋತ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಹಳೆಯ ಪದವೇ ಬೇಕಾದರೆ 1894ರ ಕಿಟೆಲ್ ನಿಘಂಟು ತಿರುವಿ. ಅದರಲ್ಲಿ ಗಾದೆಗಳೂ ಇವೆ, ರುಚಿ ಅಲ್ಲೇ ಜಾಸ್ತಿ. ಜಾತಿ, ಮೈಬಣ್ಣ ಹಿಡಿದು ಕಟ್ಟಿದ ಹಳೇ ಬೈಗುಳ ಕಂಡರೆ ಅಲ್ಲೇ ಬಿಟ್ಟುಬಿಡಿ.

ನನ್ನ ಮಟ್ಟಿಗೆ ನಿಘಂಟಿಗಿಂತ ತಾಳಮದ್ದಳೆಯೇ, ಅಂದರೆ ಯಕ್ಷಗಾನದ ಮಾತುಗಾರಿಕೆಯ ರೂಪವೇ, ದೊಡ್ಡ ಖಜಾನೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಕೇಳಲು ಸಿಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಮಾತು ಹೆಣೆಯುತ್ತಾರೆ. ಎದುರಿನವರನ್ನು ಕೆಣಕುವಾಗ ಆಗಿಂದಾಗಲೇ ಹೊಸ ಬಿರುದು ಹುಟ್ಟುತ್ತದೆ. ಪೆನ್ನು, ಪುಸ್ತಕ ಹಿಡಿದು ಮುಂದಿನ ಸಾಲಿನಲ್ಲಿ ಕೂರಿ. ನಿಮಗೊಪ್ಪುವುದು ಬಂದಾಗ ನಿಮಗೇ ಮೊದಲು ನಗು ಬರುತ್ತದೆ.