ಪ್ರತಿಕ್ರಿಯೆ: ಕಲ್ಪಾಕ್ಕಂನಲ್ಲಿ ಹಾಲನ್ನು ಏಕೆ ಪರೀಕ್ಷಿಸುತ್ತಾರೆ?
ಮಗಳು ತಮಿಳುನಾಡಿನ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಸೇರುತ್ತಿದ್ದಾಳೆ, ಅಲ್ಲಿ ಸುತ್ತಲಿನ ಹಳ್ಳಿಗಳ ಹಾಲನ್ನು ವಿಕಿರಣಕ್ಕಾಗಿ ಪರೀಕ್ಷಿಸುತ್ತಾರೆಂದರೆ ಹಾಲು ಕೆಟ್ಟಿದೆ ಎಂದರ್ಥವೇ ಎಂದು ಸಕಲೇಶಪುರದಿಂದ ಕೇಳಿದ್ದೀರಿ. ಅಲ್ಲ. ಅಣುಸ್ಥಾವರಗಳಿರುವ ಕಡೆ ಪರಿಸರ ಸಮೀಕ್ಷಾ ಪ್ರಯೋಗಾಲಯ ಸ್ಥಾವರ ಆರಂಭವಾಗುವ ಮೊದಲೇ ಕೆಲಸ ಶುರುಮಾಡಿ, ಗಾಳಿ, ಬಾವಿನೀರು, ಮಣ್ಣು, ಮೀನು, ಹಾಲುಗಳ ಮೂಲಸ್ಥಿತಿಯನ್ನು ದಾಖಲಿಸಿಕೊಂಡಿರುತ್ತದೆ. ಮುಂದಿನ ಅಳತೆಗಳನ್ನೆಲ್ಲ ಅದರೊಂದಿಗೆ ಹೋಲಿಸಲಾಗುತ್ತದೆ.

ಹಾಲಿಗೆ ವಿಶೇಷ ಮಹತ್ವವಿರುವುದು ಅಣುಸ್ಥಾವರದಲ್ಲಿ ಹುಟ್ಟುವ ವಿಕಿರಣಶೀಲ ಅಯೋಡಿನ್-131ರಿಂದಾಗಿ. ಅದು ಸೋರಿಕೆಯಾದರೆ ಹುಲ್ಲಿನ ಮೇಲೆ ಕೂರುತ್ತದೆ, ವಿಶಾಲ ಜಾಗದಲ್ಲಿ ಮೇಯುವ ಹಸು ಅದನ್ನು ಒಟ್ಟುಗೂಡಿಸಿ ಹಾಲಿಗೆ ತರುತ್ತದೆ, ಹಾಲು ಕುಡಿದ ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ಅದು ಶೇಖರವಾಗುತ್ತದೆ. 1986ರ ಚೆರ್ನೋಬಿಲ್ ಅವಘಡದ ನಂತರ ಅಲ್ಲಿನ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಲು ಮುಖ್ಯ ಕಾರಣ ಇಂಥ ಹಾಲೇ, ಮತ್ತು ಅದನ್ನು ತಡೆಯಬಹುದಾಗಿತ್ತು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಅಯೋಡಿನ್-131ರ ಅರ್ಧಾಯು, ಅಂದರೆ ಅದರ ಪ್ರಮಾಣ ಅರ್ಧಕ್ಕಿಳಿಯುವ ಅವಧಿ, ಕೇವಲ 8 ದಿನವಾದ್ದರಿಂದ ಮಾದರಿಯನ್ನು ತಡಮಾಡದೆ ಅಳೆಯಬೇಕು. ಇನ್ನೊಂದು ವಿಕಿರಣಶೀಲ ಧಾತು ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ. ಅದು ಮಣ್ಣಿನಲ್ಲಿ ದೀರ್ಘಕಾಲ ಉಳಿಯುವುದರಿಂದ ಅದಕ್ಕೆ ಮಣ್ಣೇ ಸಾಕ್ಷಿ. ಕಳೆದ ಶತಮಾನದ ಅಣ್ವಸ್ತ್ರ ಪರೀಕ್ಷೆಗಳಿಂದ ಉದುರಿದ ಸೀಸಿಯಂನ ಅಲ್ಪಾಂಶ ಜಗತ್ತಿನ ಎಲ್ಲೆಡೆ ಇರುವುದರಿಂದ, ನಿಮ್ಮ ಕಾಫಿ ತೋಟದ ಮಣ್ಣಿನಲ್ಲೂ ಸೂಕ್ಷ್ಮ ಉಪಕರಣಕ್ಕೆ ಅದು ಕಂಡೀತು.

ವರದಿಯನ್ನು ಓದುವಾಗ ವಿಕಿರಣ ಇದೆ ಎಂಬ ಮಾತಿಗೆ ಗಾಬರಿಯಾಗಬೇಡಿ, ಏಕೆಂದರೆ ಎಲ್ಲ ಹಾಲಿನಲ್ಲೂ ವಿಕಿರಣಶೀಲ ಪೊಟ್ಯಾಸಿಯಂ-40 ಸಹಜವಾಗಿಯೇ ಇರುತ್ತದೆ. ಯಾವ ಧಾತು, ಎಷ್ಟು ಪ್ರಮಾಣ, ಮೂಲಸ್ಥಿತಿಗಿಂತ ಏರಿದೆಯೇ, ಸ್ಥಾವರದಿಂದ ಸಾರ್ವಜನಿಕರಿಗೆ ತಗಲುವ ಒಟ್ಟು ವಿಕಿರಣವು ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆಮಾನ) ಮಿತಿಗಿಂತ ಎಷ್ಟು ಕೆಳಗಿದೆ ಎಂಬುದನ್ನು ನೋಡಲು ಮಗಳಿಗೆ ಹೇಳಿ.