ಬೇವಿನ ಫೇಸ್‌ವಾಶ್ ನಾಲ್ಕೇ ದಿನಕ್ಕೆ ಹಳಸುತ್ತಿದೆ, ಮುಖವೂ ಬಿಗಿಯುತ್ತಿದೆ: ಪ್ರತಿಕ್ರಿಯೆ

ಮನೆಯಲ್ಲಿ ಬೇವಿನ ಕಷಾಯಕ್ಕೆ ಸೋಪ್ ಬೇಸ್ (ಸಿದ್ಧ ಸೋಪಿನ ಮೂಲವಸ್ತು) ಬೆರೆಸಿ ಮಾಡಿದ ಫೇಸ್‌ವಾಶ್ ಯಾಕೆ ಹಳಸುತ್ತದೆ, ಮುಖ ಯಾಕೆ ಬಿಗಿಯುತ್ತದೆ, ಮೊಡವೆ ಹೋಗುತ್ತದಾ, ಕಾಲೇಜಿನಲ್ಲಿ ಟೆಸ್ಟ್ ಮಾಡಿಸಬಹುದಾ ಅಂತ ಕೇಳಿದ್ದೀರಿ. ಹಳಸೋದಕ್ಕೆ ಕಾರಣ ಬೇವಿನ ಕಷಾಯವೇ. ಎಲೆ ಕುದಿಸಿದ ನೀರಿಗೆ ಪ್ರಿಸರ್ವೇಟಿವ್ (ಕೆಡದಂತೆ ತಡೆಯುವ ವಸ್ತು) ಹಾಕದಿದ್ದರೆ ಕಲಬುರಗಿಯ ಬೇಸಿಗೆಯಲ್ಲಿ ನಾಲ್ಕು ದಿನ ಬಂದದ್ದೇ ಹೆಚ್ಚು. ಬಿಗಿತಕ್ಕೆ ಬಹುಶಃ ನೀವು ಬೆರೆಸಿದ ಸೋಪ್ ಬೇಸ್ ಕಾರಣ. ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಕಮ್ಮಿಯಾದಷ್ಟೂ ಹುಳಿ) 9ರಿಂದ 10, ಚರ್ಮದ್ದು 5ರ ಆಸುಪಾಸು. ಮೇಲಾಗಿ ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ಸರಿಯಾಗಿ ತೊಳೆದು ಹೋಗೋದಿಲ್ಲ, ಬಿಳಿ ಜಿಡ್ಡು ಕೂರುತ್ತದೆ.

ಸೋಪ್ ಬೇಸ್ ಬಿಟ್ಟುಬಿಡಿ. ಅಂಟುವಾಳಕಾಯಿ (ಕಿರಾಣಿಯಲ್ಲಿ ರೀಠಾ ಅನ್ನಿ) ಬೀಜ ತೆಗೆದು, 10 ಗ್ರಾಂ ಸಿಪ್ಪೆಯನ್ನು ಒಂದು ಹಿಡಿ ಬೇವಿನೆಲೆ ಜೊತೆ ಡಿಸ್ಟಿಲ್ಡ್ ನೀರಲ್ಲಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಚೂರು ಉಳಿದರೆ ಅಲ್ಲಿಂದಲೇ ಕೊಳೆ ಶುರು. ಸೋಸಿದ್ದು 100 ಮಿಲಿ ಆಗುವಂತೆ ಅಳತೆ ಸರಿಮಾಡಿ. ಆರಿದ ಮೇಲೆ ಪ್ರಿಸರ್ವೇಟಿವ್ ಆಗಿ ಅರ್ಧ ಗ್ರಾಂ ಸೋಡಿಯಂ ಬೆಂಜೊಯೇಟ್ ಕರಗಿಸಿ, ಆಮೇಲೆ ಪಿಎಚ್ ಪಟ್ಟಿ ಅದ್ದಿ ನೋಡಿ. 5ಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಬೆಂಜೊಯೇಟ್ ಹಾಕಿಯೂ ದಂಡ. ಜಾಸ್ತಿ ಬಂದರೆ ಚಿಟಿಕೆ ಚಿಟಿಕೆ ನಿಂಬೆಹುಳಿ ಉಪ್ಪು (ಸಿಟ್ರಿಕ್ ಆಮ್ಲ) ಸೇರಿಸಿ, ಪ್ರತಿ ಸಲ ಪಟ್ಟಿ ನೋಡುತ್ತ ಹೋಗಿ. ಕಂದು ಬಣ್ಣ, ನೊರೆ ಕಮ್ಮಿ, ಅದು ಹಾಗೇ. ಕಣ್ಣಿಗೆ ಹೋದರೆ ಮಾತ್ರ ಜೋರಾಗಿ ಉರಿಯುತ್ತದೆ.

ಮೊಡವೆ ಹೋಗುತ್ತದಾ ಅಂದರೆ, ಖಾತ್ರಿ ಹೇಳಲಾರೆ. ಲ್ಯಾಬ್ ತಟ್ಟೆಯಲ್ಲಿ ಬೇವು ಬ್ಯಾಕ್ಟೀರಿಯಾ ತಡೆಯೋದು ಬೇರೆ, ಅರ್ಧ ನಿಮಿಷ ಹಚ್ಚಿ ತೊಳೆಯೋದು ಬೇರೆ. ಮೊಡವೆಯ ಬ್ಯಾಕ್ಟೀರಿಯಾ ಇರೋದು ರೋಮಕೂಪದ ಒಳಗೆ. ಕಾಲೇಜಿನಲ್ಲಿ ಟೆಸ್ಟ್ ಮಾಡಿಸುವುದಾದರೆ ಆಮ್ಲಜನಕವಿಲ್ಲದ ಜಾರ್ ಇದೆಯಾ ಮೊದಲು ಕೇಳಿ, ಅದಿಲ್ಲದೆ ಈ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯೋದಿಲ್ಲ. ತಡೆದದ್ದು ಬೇವೋ ಅಲ್ಲವೋ ಗೊತ್ತಾಗಲು ಬೇವಿಲ್ಲದ ಅಂಟುವಾಳದ ನೀರನ್ನೂ ಪಕ್ಕದಲ್ಲಿಟ್ಟು ಹೋಲಿಸಿ.

ಮುಖಕ್ಕೆ ಮೊದಲು ಮೊಣಕೈ ಒಳಗೆ ಹಚ್ಚಿ ಎರಡು ದಿನ ನೋಡಿ. ಫ್ರಿಜ್‌ನಲ್ಲಿಡಿ, ಎರಡು ವಾರಕ್ಕೆ ಚೆಲ್ಲಿ ಹೊಸದು ಮಾಡಿ.