ಕಬಿನಿಯಲ್ಲಿ ರೂಮಿಗಿಂತ ಮೊದಲು ಸಫಾರಿ ಸೀಟು ಕೇಳಿ

ಅಪ್ಪ ಅಮ್ಮನನ್ನು ಕರೆದುಕೊಂಡು ಕಬಿನಿಗೆ ಒಂದು ರಾತ್ರಿಗೆ ಹೋಗಬೇಕು, ಹುಲಿ ಗ್ಯಾರಂಟಿ ಕಾಣುವ ಲಾಡ್ಜ್ ಯಾವುದು, ಸ್ವಿಮ್ಮಿಂಗ್ ಪೂಲ್ ಇದ್ದರೆ ಒಳ್ಳೆಯದು ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಹೆಚ್ಚುಕಡಿಮೆ ಇದನ್ನೇ ಹುಡುಕಿದ್ದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮಪ್ಪ ಎಚ್.ಡಿ. ಕೋಟೆ ಕಡೆಯವರು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದವರು ರಾಜಾಜಿನಗರದಲ್ಲೇ ಉಳಿದುಬಿಟ್ಟರು. ಕಬಿನಿ ಪಕ್ಕದ ಕಾಕನಕೋಟೆ ಕಾಡಿನ ಕೊನೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವುದು, ನಡೆದದ್ದು 1971ರಲ್ಲಿ. ಆಗ ಅವರು ಹೈಸ್ಕೂಲು ಹುಡುಗ, ಅಜ್ಜನ ಜೊತೆ ನೋಡಲು ಹೋಗಿದ್ದರಂತೆ. ಹಗ್ಗ ಬಿಗಿದ ಮರಿಯಾನೆ ರಾತ್ರಿಯಿಡೀ ಕೂಗಿದ್ದನ್ನು ಹೇಳುವಾಗ ಈಗಲೂ ಅವರ ದನಿ ಸಣ್ಣದಾಗುತ್ತದೆ. ಅದೇ ಕಾಡಲ್ಲಿ ಆನೆಗಳು ತಮ್ಮ ಪಾಡಿಗೆ ತಾವು ಓಡಾಡುವುದನ್ನು ಮೊಮ್ಮಗಳ ಪಕ್ಕ ಕೂತು ನೋಡಬೇಕು ಅನ್ನುವುದು ಅವರ ಆಸೆ. ಹುಲಿ ವಿಷಯ ಅವರು ಎತ್ತಲೇ ಇಲ್ಲ. ಹುಲಿ ಬೇಕಾಗಿದ್ದದ್ದು ನನಗೆ.

ಹಿನ್ನೀರಿನ ದಂಡೆಯ ಒಂದು ಖಾಸಗಿ ರೆಸಾರ್ಟ್ ಹುಡುಕಿದೆ. ಫೋಟೋದಲ್ಲಿ ಪೂಲು, ಅದರಾಚೆ ನೀರು, ನೀರಿನಾಚೆ ಕಾಡು. ವಾಟ್ಸಾಪಲ್ಲಿ ಏನೇನು ಕೇಳಿದೆ ಗೊತ್ತಾ? ಅಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಸಿಗುತ್ತಾ, ರೂಮಿಗೆ ಮೆಟ್ಟಿಲು ಎಷ್ಟು, ಬಿಸಿನೀರು ಎಷ್ಟು ಹೊತ್ತು. ಸಫಾರಿ ಇದೆಯಾ ಅಂದಾಗ "ಅರೇಂಜ್ ಮಾಡಿಸ್ತೀವಿ ಮೇಡಂ" ಅಂದರು. ಮಾಡಿಸ್ತೀವಿ ಅಂದರೆ ಆಯ್ತು ಅಂತಲೇ ನಾನು ತಿಳಿದುಕೊಂಡೆ. ಅಡ್ವಾನ್ಸ್ ಪೂರ್ತಿ ಕಟ್ಟಿದೆ.

ಇಲ್ಲೇ ನಾನು ತಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬೆಂಗಳೂರಿಂದ ಹೋಗುವ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ರೆಸಾರ್ಟ್ ಕಾಡಿನ ಪಕ್ಕ ಇದ್ದ ಮಾತ್ರಕ್ಕೆ ಕಾಡು ಅವರದಲ್ಲ. ಅವರ ಸ್ವಂತ ಜೀಪು ಗೇಟು ದಾಟುವ ಹಾಗಿಲ್ಲ. ಕಬಿನಿ ಕಡೆಯಿಂದ ನಾಗರಹೊಳೆ ಕಾಡಿನೊಳಗೆ ಹೋಗುವುದು ಸರ್ಕಾರದ ಜಂಗಲ್ ಲಾಡ್ಜಸ್‌ನ ಗಾಡಿಗಳು, ದಮ್ಮನಕಟ್ಟೆಯಿಂದ ಹೊರಡುವ ಅರಣ್ಯ ಇಲಾಖೆಯ ಗಾಡಿಗಳು, ಅಷ್ಟೇ. ಒಂದು ಹೊತ್ತಿಗೆ ಇಷ್ಟೇ ಗಾಡಿ ಒಳಗೆ ಹೋಗಬೇಕು ಅಂತ ಮಿತಿ ಇದೆ. ಬೇರೆ ರೆಸಾರ್ಟಿನವರು ತಮ್ಮ ಅತಿಥಿಗಳಿಗೆ ಆ ಗಾಡಿಗಳಲ್ಲೇ ಸೀಟು ಹಿಡಿಯಬೇಕು. ಅಂದರೆ ರೂಮಿನ ಬುಕಿಂಗ್ ಬೇರೆ, ಸೀಟಿನ ಬುಕಿಂಗ್ ಬೇರೆ. ರೂಮಿಗೆ ನೀವು ಎಷ್ಟೇ ಸಾವಿರ ಕೊಟ್ಟಿರಿ, ಸೀಟು ಕಾದಿರಿಸದಿದ್ದರೆ ಕಾಡು ನೋಡುವುದು ಪೂಲಿನ ದಂಡೆಯಿಂದಲೇ. ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ: ಐದೂ ಜನರ ಹೆಸರು, ಯಾವ ಹೊತ್ತಿನ ಸಫಾರಿ, ಜೀಪೋ ಕ್ಯಾಂಟರೋ (ಬಸ್ಸಿನಂಥ ದೊಡ್ಡ ಗಾಡಿ), ಇಷ್ಟನ್ನೂ ಕನ್ಫರ್ಮ್ ಆದಮೇಲೆ ದುಡ್ಡು ಕಟ್ಟುವುದು. ಮೆಟ್ಟಿಲು ಎಣಿಸಿಕೊಂಡೆ, ಇದನ್ನು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ತಲುಪಿದೆವು. ರಿಸೆಪ್ಷನ್‌ನ ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: ಸಂಜೆಗೆ ಎರಡೇ ಸೀಟು, ಬೆಳಿಗ್ಗೆ ಫುಲ್. ಅಪ್ಪ ಯೋಚನೆ ಕೂಡ ಮಾಡಲಿಲ್ಲ. "ಪಾಪು ಹೋಗ್ಲಿ, ಅವರಪ್ಪ ಜೊತೇಲಿ ಹೋಗ್ಲಿ. ನಾನು ಈ ಕಾಡು ನೋಡ್ದೋನೇ ಅಲ್ವಾ" ಅಂದರು. ಬೇಡ ಅಂದರೂ ಕೇಳಲಿಲ್ಲ. ಮಗಳು ಆವತ್ತು ಮರಿ ಜೊತೆಗಿದ್ದ ಆನೆ ಹಿಂಡು ನೋಡಿ ಬಂದಳು. ಊಟದ ಹೊತ್ತಲ್ಲಿ ತಾತನಿಗೆ ಸೊಂಡಿಲು ಆಡಿಸಿ ತೋರಿಸಿದಳು. ಅಪ್ಪ ಮತ್ತೆ ಮತ್ತೆ ಹೇಳಿಸಿಕೊಂಡರು. ಭಾನುವಾರ ಬೆಳಿಗ್ಗೆ ದಮ್ಮನಕಟ್ಟೆ ಕೌಂಟರಿಗೂ ಹೋಗಿ ನಿಂತೆವು. ಟಿಕೆಟ್ ಮುಗಿದಿತ್ತು.

ಮುಂದಿನ ಸಲ ಸರಿಯಾಗಿ ಬುಕ್ ಮಾಡೋಣ ಅಂದುಕೊಂಡೆವು. ಅಷ್ಟರಲ್ಲಿ ಅಪ್ಪನ ಬೆನ್ನು ಕೈಕೊಟ್ಟಿತು. ಡಿಸ್ಕ್ ಸಮಸ್ಯೆ. ಕುಲುಕಾಟದ ಗಾಡಿ ಹತ್ತಲೇಬಾರದು ಅಂದರು ಡಾಕ್ಟರು. ಕಾಕನಕೋಟೆಯ ಒಳಗೆ ಅವರಿಗೆ ಮೊಮ್ಮಗಳ ಜೊತೆ ಹೋಗಲಾಗಲೇ ಇಲ್ಲ.

ಆಮೇಲೊಂದು ಬೇಸಿಗೆಯಲ್ಲಿ ಕಾರಾಪುರದ ಜಂಗಲ್ ಲಾಡ್ಜಸ್‌ನಲ್ಲಿ ಉಳಿದು ಬೋಟ್ ಸಫಾರಿಗೆ ಕರೆದುಕೊಂಡು ಹೋದೆ. ನಿಮ್ಮ ತಂದೆತಾಯಿಗೆ ಮಂಡಿ, ಬೆನ್ನು ಏನಾದರೂ ಇದ್ದರೆ ದಯವಿಟ್ಟು ಇದನ್ನೇ ಆರಿಸಿ. ಜೀಪಿನ ಹಿಂದಿನ ಸೀಟಲ್ಲಿ ಕೂತರೆ ಒಂದೊಂದು ಗುಂಡಿಯೂ ಸೊಂಟಕ್ಕೇ ಬೀಳುತ್ತದೆ. ಬೋಟಲ್ಲಿ ಆ ತಾಪತ್ರಯ ಇಲ್ಲ. ಏಪ್ರಿಲ್, ಮೇ ಹೊತ್ತಿಗೆ ಹಿನ್ನೀರು ಇಳಿದು, ಬಯಲಾದ ನೆಲದಲ್ಲಿ ಎಳೆ ಹುಲ್ಲು ಎದ್ದಿರುತ್ತದೆ. ಕಾಡಿನ ಒಳಗೆ ಕೆರೆಕಟ್ಟೆ ಒಣಗಿರುತ್ತವೆ. ಹಾಗಾಗಿ ಆನೆಗಳೆಲ್ಲ ದಂಡೆಗೇ ಬರುತ್ತವೆ. ಒಂದಾನೆ ನಮ್ಮ ಎದುರೇ ಹುಲ್ಲನ್ನು ಸೊಂಡಿಲಲ್ಲಿ ಸುತ್ತಿ, ಕಾಲಲ್ಲಿ ಒದ್ದು ಕಿತ್ತು, ಬೇರಿನ ಮಣ್ಣು ಹೋಗುವವರೆಗೂ ಮುಂಗಾಲಿಗೆ ಬಡಿದು ಬಡಿದು ಬಾಯಿಗಿಟ್ಟುಕೊಳ್ಳುತ್ತಿತ್ತು. ಬೋಟಿನವರು ಇಂಜಿನ್ ಆಫ್ ಮಾಡಿದ್ದರಿಂದ ಆ ಬಡಿತ ಕೂಡ ಕೇಳುತ್ತಿತ್ತು. ಅಪ್ಪ ಅದನ್ನು ನೋಡಿದರು, ಜೊತೆಗೆ ನೀರಿನ ಮಧ್ಯೆ ನಿಂತ ಒಣಮರದ ಬೊಡ್ಡೆಗಳನ್ನೂ ನೋಡಿದರು. 1974ರಲ್ಲಿ ಕಬಿನಿ ನದಿಯ ಬೀಚನಹಳ್ಳಿ ಅಣೆಕಟ್ಟಿನ ಕೆಲಸ ಮುಗಿದು ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವರ ನೆಂಟರ ಊರೂ ಒಂದು.

ಇನ್ನು ಹುಲಿ ಗ್ಯಾರಂಟಿ ವಿಷಯ. ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಆ ಲಾಡ್ಜಿಗೆ ಹೋಗಲೇಬೇಡಿ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿ ಲೆಕ್ಕಕ್ಕೆ ಸಿಕ್ಕಿವೆ. ಉತ್ತರಾಖಂಡದ ಕಾರ್ಬೆಟ್ ಬಿಟ್ಟರೆ ದೇಶದಲ್ಲಿ ಇವೇ ಮುಂದೆ. ಆದರೂ ನಾಗರಹೊಳೆ ಉದ್ಯಾನವೇ 643 ಚದರ ಕಿಲೋಮೀಟರ್, ನಮ್ಮ ಗಾಡಿಗಳು ಓಡುವುದು ಅದರ ಒಂದು ಮೂಲೆಯಲ್ಲಿ. ಎರಡೂ ಬದಿ ಲಂಟಾನ ಆಳೆತ್ತರ ಬೆಳೆದಿರುತ್ತದೆ. ಪೊದೆಯ ಹಿಂದೆಯೇ ಹುಲಿ ಮಲಗಿದ್ದರೂ ತಿಳಿಯುವುದಿಲ್ಲ. ಅದು ಇದೆ ಅಂತ ಕೂಗಿ ಹೇಳುವುದು ಬೇರೆ ಪ್ರಾಣಿಗಳು. ಡ್ರೈವರ್‌ಗಳು "ಕಾಲ್ ಬರ್ತಿದೆ" ಅಂತ ಗಾಡಿ ನಿಲ್ಲಿಸುತ್ತಾರಲ್ಲ, ಅದೇ. ಜಿಂಕೆ ಸಣ್ಣಪುಟ್ಟದ್ದಕ್ಕೂ ಕೂಗಬಹುದು. ಕಡವೆ ಬಿಡದೆ ಕೂಗಿದರೆ ಅನುಭವಿ ಡ್ರೈವರ್ ಅಲ್ಲಿಂದ ಕದಲುವುದಿಲ್ಲ. ಆಗ ಸುಮ್ನೆ ಕೂರುವುದನ್ನು ಮನೆಯವರಿಗೆಲ್ಲ ಮೊದಲೇ ಹೇಳಿಕೊಡಿ. ಮುಂದೆ ಹೋಗೋಣ ಅಂತ ಅವಸರ ಮಾಡುವವರಿಂದ ಗಾಡಿಯಲ್ಲಿರುವ ಎಲ್ಲರಿಗೂ ನಷ್ಟ.

ಇನ್ನೊಂದು ಮಾತು. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ, 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿತು. ಆಗ ಬುಕ್ ಮಾಡಿದ್ದ ಬೆಂಗಳೂರಿನವರು ಜಾಸ್ತಿ ಬೇಜಾರು ಮಾಡಿಕೊಂಡಿದ್ದು ನನಗೆ ಸರಿ ಕಾಣಲಿಲ್ಲ. ನಾವು ಎರಡು ದಿನಕ್ಕೆ ಹೋಗಿ ಬರುವ ಜಾಗದಲ್ಲಿ ಆ ಊರಿನವರು ದಿನಾ ಹೊಲಕ್ಕೆ ಹೋಗಬೇಕು. ನೀವು ಹೋಗುವ ಹೊತ್ತಿಗೆ ಸಫಾರಿ ನಡೆಯುತ್ತಿರುತ್ತದಾ, ರದ್ದಾದರೆ ರೂಮಿನ ದುಡ್ಡಿಗೆ ಏನು ವ್ಯವಸ್ಥೆ ಅಂತ ಕೇಳಿಟ್ಟುಕೊಳ್ಳಿ, ಅಷ್ಟು ಸಾಕು.

ಪೂಲು ಮರೆತುಬಿಡಿ. ಸಂಜೆ ಒಂದು ಸಫಾರಿ, ಬೆಳಿಗ್ಗೆ ಕತ್ತಲಲ್ಲೇ ಎದ್ದು ಟೀ ಕುಡಿದು ಇನ್ನೊಂದು, ಇದರ ಮಧ್ಯೆ ಪೂಲಿಗೆ ಹೊತ್ತೆಲ್ಲಿದೆ? ನನ್ನನ್ನು ಕೇಳಿದರೆ ಸಫಾರಿ ಪ್ಯಾಕೇಜಿನಲ್ಲೇ ಸೇರಿರುವ ಕಡೆ ಉಳಿಯಿರಿ. ಜಂಗಲ್ ಲಾಡ್ಜಸ್‌ನಲ್ಲಿ ಹಾಗಿದೆ. ಕಬಿನಿ ಸಿಗದಿದ್ದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಜಂಗಲ್ ಲಾಡ್ಜಸ್‌ನದೇ ಕೆ.ಗುಡಿ ಕ್ಯಾಂಪ್ ನೋಡಿ. ಅದು ಕಾಡಿನ ಒಳಗೇ ಇದೆ, ಸದ್ದುಗದ್ದಲ ಕಡಿಮೆ, ಟೆಂಟಿನ ಹತ್ತಿರವೇ ಜಿಂಕೆ ಮೇಯುತ್ತಿರುತ್ತವೆ. ನಿಮ್ಮಮ್ಮನಿಗೆ ರಂಗನಾಥನ ದರ್ಶನವೂ ಆಗುತ್ತದೆ.

ಒಂದು ರಾತ್ರಿ ಬೇಡ, ಎರಡು ರಾತ್ರಿ ಮಾಡಿ. ದುಡ್ಡು ಸಾಲದಿದ್ದರೆ ಇನ್ನೂ ಸ್ವಲ್ಪ ದಿನ ಬಿಟ್ಟು ಹೋಗಿ. ಬೆಂಗಳೂರಿಂದ ಇನ್ನೂರು ಕಿಲೋಮೀಟರ್ ಮೇಲೆ ಆಗುತ್ತದೆ. ಎಕ್ಸ್‌ಪ್ರೆಸ್‌ವೇ ಮೈಸೂರಿನವರೆಗೆ ಮಾತ್ರ, ಅಲ್ಲಿಂದಾಚೆ ಹ್ಯಾಂಡ್‌ಪೋಸ್ಟ್ ದಾಟಿ ಅಂತರಸಂತೆ ಕಡೆ ಹೋಗುವಾಗ ಊರು, ಹಂಪು, ದನಕರು. ಮಧ್ಯಾಹ್ನ ಮೂರರ ಮೇಲೆ ತಲುಪಿದರೆ ಮೊದಲ ಸಫಾರಿ ಹೋಯಿತು ಅಂತಲೇ ಲೆಕ್ಕ. ಬೆಳಿಗ್ಗೆ ಆರಕ್ಕೆಲ್ಲ ನೈಸ್ ರಸ್ತೆ ಬಿಟ್ಟಿರಿ. ಸೀಟು ಬುಕ್ ಮಾಡುವಾಗಲೇ ಹಿರಿಯರಿದ್ದಾರೆ ಅಂತ ಹೇಳಿ, ಮುಂದಿನ ಸಾಲು ಕೇಳಿ. ಒಂದು ಹೊತ್ತನ್ನು ಬೋಟಿಗೆ ಬರೆಸಿ.